ಕಪ್ಪು ಮೂರರಲ್ಲಿ ಒಂದು ನಮಸ್ಕಾರ

ಮೊನ್ನೆ ಭಾನುವಾರ ಗದಗಿನಲ್ಲಿ ಕಾರ್ಯಕ್ರಮ ಮುಗಿದ ಮೇಲೆ ಮಾತಾಡಿಸಲು ಬಂದವರಿಗೆಲ್ಲ ನಾನು ಬರೀ ಕೈ ಮುಗಿದೆ. ಒಂದು ಮಾತೂ ಆಡಲಿಲ್ಲ. ‘ಎರಡ ತಾಸ ಹಾಡಾಕ ಬರತೈತಿ, ನಮ್ಮ ಕೂಡ ಮಾತಾಡಾಕ ಬರೂದಿಲ್ಲೇನ? ದೊಡ್ಡಸ್ತಿಕಿ ನೋಡು’ ಅಂತ ಯಾರೋ ಅಂದದ್ದು ಕಿವಿಗೆ ಬಿತ್ತು. ದೊಡ್ಡಸ್ತಿಕೆ ಅಲ್ರೀ. ಹಾಡಿದ ಮೇಲೆ ಮರುದಿನ ಸಂಜೆವರೆಗೆ ಬಾಯಿ ಬಿಡಬೇಡಿ ಅಂತ ಡಾಕ್ಟರು ತಾಕೀತು ಮಾಡಿದ್ದಾರೆ. ಆಡಬೇಕಿದ್ದ ಮಾತೆಲ್ಲ ಹೊಟ್ಟೆಯಲ್ಲೇ ಉಳಿಯಿತು. ಅದಕ್ಕೇ ಬರೆಯಲು ಕೂತೆ. ಬರೆದರೆ ಗಂಟಲಿಗೇನೂ ಖರ್ಚಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಾನು ಕಂಪನಿ ನಾಟಕದ ಹಾಡುಗಾರ್ತಿ. 1979ರಲ್ಲಿ, ಒಂಬತ್ತು ವರ್ಷದವಳಿದ್ದಾಗ, ಹರಿಶ್ಚಂದ್ರ ನಾಟಕದಲ್ಲಿ ಲೋಹಿತಾಶ್ವನ ಪಾತ್ರಕ್ಕೆ ಮೊದಲ ಸಲ ಬಣ್ಣ ಹಚ್ಚಿದೆ. ಚಂದ್ರಮತಿ ನಮ್ಮವ್ವ. ಹಾವು ಕಚ್ಚಿ ಸತ್ತು ಮಲಗಿದವಳು ಮೊದಲ ರಾತ್ರಿಯೇ ನಿಜವಾಗಿ ನಿದ್ದೆ ಹೋದೆ. ಕಡೆಗೆ ಶಿವ ಪ್ರತ್ಯಕ್ಷನಾಗಿ ‘ಏಳು ಮಗೂ’ ಅಂದರೆ ಮಗು ಏಳುತ್ತಲೇ ಇಲ್ಲ. ಅವ್ವ ಸೆರಗಿನ ಮರೆಯಲ್ಲಿ ತೊಡೆ ಚಿವುಟಿದಳು. ನಾನು ‘ಯವ್ವಾ’ ಅಂತ ಚೀರಿ ಎದ್ದೆ. ಜನ ಚಪ್ಪಾಳೆ ಹೊಡೆದರು. ಆ ಚಪ್ಪಾಳೆ ಶಿವನಿಗೋ ಚಿವುಟಿಗೋ ಇವತ್ತಿಗೂ ತಿಳಿದಿಲ್ಲ.

ಅಲ್ಲಿಂದ ಇಲ್ಲಿವರೆಗೆ ನಲವತ್ತೈದು ವರ್ಷಕ್ಕೂ ಜಾಸ್ತಿ. ಕೃಷ್ಣನಾದೆ, ದ್ರೌಪದಿಯಾದೆ, ಗೌಡನ ಸೊಸೆಯಾದೆ, ಅತ್ತೆಯೂ ಆದೆ. ಪಾರ್ಟು ಯಾವುದೇ ಇರಲಿ, ಜನ ಕರೆಯುತ್ತಿದ್ದದ್ದು ಹಾಡಿಗೆ. ಒಂದು ಪದ, ಅಂದರೆ ನಾಟಕದ ಹಾಡು, ಮುಗಿದರೆ ‘ವನ್ಸ್ ಮೋರ್’. ಸತ್ತವರೂ ಎದ್ದು ಇನ್ನೊಮ್ಮೆ ಹಾಡಿ ಮತ್ತೆ ಸಾಯಬೇಕು. ಇದೊಂದು ತಮಾಷೆ ಅನ್ನಿಸಬಹುದು. ಆದರೆ ಕಂಪನಿಯಲ್ಲಿ ಬೆಳೆದವರಿಗೆ ಅದೇ ಸರ್ಟಿಫಿಕೇಟು.

ನನ್ನ ಶ್ರುತಿ, ಅಂದರೆ ಹಾಡಿಗೆ ಆಧಾರವಾದ ಷಡ್ಜ, ಕಪ್ಪು 5. ಹಾರ್ಮೋನಿಯಂನಲ್ಲಿ ಬೆರಳೊತ್ತುವ ಪಟ್ಟಿಗೆ ನಾವು ಮನೆ ಅನ್ನುತ್ತೇವೆ; ಒಂದು ಸಪ್ತಕದಲ್ಲಿ ಕಡೆಯ ಕಪ್ಪು ಮನೆ ಇದು. ನಮ್ಮ ಕಾಲಕ್ಕೆ ಮೈಕು ಬಂದಿತ್ತು ನಿಜ. ಮೇಲಿಂದ ಇಳಿಬಿಟ್ಟ ಎರಡೇ ಮೈಕು, ಅದೂ ಕರೆಂಟಿದ್ದರೆ. ಜಿಂಕ್ ಶೀಟಿನ ಥಿಯೇಟರಿನಲ್ಲಿ ಮಳೆ ಹೊಡೆಯುತ್ತಿರುವಾಗ ಕಡೇ ಗ್ಯಾಲರಿಯವನಿಗೂ ಕೇಳಬೇಕೆಂದರೆ ಏರುಧ್ವನಿಯೇ ಗತಿ. ಅವ್ವನದೂ ಕಪ್ಪು 5. ಅದನ್ನು ನಾನು ಆಸ್ತಿ ಅಂತಲೇ ತಿಳಿದಿದ್ದೆ. ಬೇರೆ ಆಸ್ತಿ ಏನೂ ಇರಲಿಲ್ಲ ಅನ್ನಿ.

ಎರಡು ವರ್ಷದ ಹಿಂದೆ ಧ್ವನಿ ಒಡೆಯಿತು. ಮೊದಲು ನೆಗಡಿ ಅಂದುಕೊಂಡೆ. ಒಬ್ಬ ಡಾಕ್ಟರು ಮೂರು ತಿಂಗಳು ಬರೀ ಮಾತ್ರೆ ಬದಲಾಯಿಸುತ್ತ ಹೋದರು. ಆಮೇಲೆ ಹುಬ್ಬಳ್ಳಿಯಲ್ಲಿ ಕಿವಿ ಮೂಗು ಗಂಟಲಿನ ಡಾಕ್ಟರೊಬ್ಬರು ಕ್ಯಾಮೆರಾ ಇಳಿಸಿ ಟಿವಿಯಲ್ಲಿ ತೋರಿಸಿದರು. ಧ್ವನಿತಂತು ಅಂದರೆ ವೀಣೆಯ ತಂತಿ ಥರ ಇರಬೇಕು ಅಂದುಕೊಂಡಿದ್ದೆ. ಎರಡು ಬಿಳಿ ಮಡಿಕೆ, ಅಷ್ಟೆ. ಒಂದರ ಅಂಚಿಗೆ ಸಾಸಿವೆ ಕಾಳಿನಷ್ಟು ಗುಳ್ಳೆ. ಪಾಲಿಪ್ ಅಂದರು. ತೆಗೆಯಲೇಬೇಕು, ತೆಗೆದ ಮೇಲೆ ಮೊದಲಿನ ಏರು ಬರುತ್ತದೆ ಅಂತ ಮಾತು ಕೊಡಲಾರೆ ಅಂತಲೂ ಅಂದರು. ಆ ಡಾಕ್ಟರಿಗೆ ನನ್ನ ಮೊದಲ ನಮಸ್ಕಾರ. ಸುಳ್ಳು ಧೈರ್ಯ ಹೇಳಲಿಲ್ಲ.

ಆಪರೇಷನ್ ಆದ ಮೇಲೆ ಪೂರ್ತಿ ಮೌನ. ಪಿಸುಮಾತೂ ಕೂಡದು, ಅದು ಗಂಟಲಿಗೆ ಇನ್ನೂ ಕೆಟ್ಟದ್ದಂತೆ. ಸೊಸೆ ಮೊಮ್ಮಗನ ಪಾಟಿ ತಂದು ಕೊಟ್ಟಳು. ‘ಉಪ್ಪು ಕಡಿಮೆ’ ಅಂತ ಬರೆದು ತೋರಿಸುವಷ್ಟರಲ್ಲಿ ಊಟವೇ ಮುಗಿದಿರುತ್ತಿತ್ತು. ಆ ದಿನಗಳಲ್ಲಿ ನಾವಿಬ್ಬರೂ ಜಗಳ ಆಡಲಿಲ್ಲ. ಅವಳಿಗೆ ಥ್ಯಾಂಕ್ಸ್. ನನಗೂ ಸ್ವಲ್ಪ.

ಆಮೇಲೆ ಥೆರಪಿ. ಕಲಿಸುವ ಹುಡುಗಿಗೆ ನನ್ನ ಮಗಳಿಗಿಂತ ಚಿಕ್ಕ ವಯಸ್ಸು. ಗ್ಲಾಸಿನಲ್ಲಿ ನೀರು, ನೀರಿನಲ್ಲಿ ಸ್ಟ್ರಾ. ಅದನ್ನು ಊದುತ್ತ ‘ಊ’ ಅನ್ನಬೇಕು. ನೀರು ಬುಳುಬುಳು ಅನ್ನಬೇಕು, ಚೆಲ್ಲಬಾರದು. ರಕ್ತರಾತ್ರಿಯ ದ್ರೌಪದಿಯಾಗಿ ಥಿಯೇಟರು ನಡುಗಿಸಿದವಳು ಅಡುಗೆಮನೆ ಕಟ್ಟೆ ಮುಂದೆ ನಿಂತು ನೀರಲ್ಲಿ ಗುಳ್ಳೆ ಬಿಡುತ್ತಿದ್ದೆ. ನಾಚಿಕೆಯಾಗಿ ಎರಡು ದಿನ ಹೋಗಲಿಲ್ಲ. ಮೂರನೇ ದಿನ ಆ ಹುಡುಗಿಯೇ ಫೋನ್ ಮಾಡಿ ‘ಅಕ್ಕಾರ, ನಾನೂ ನಿಮ್ಮ ಕೂಡ ಊದ್ತೀನಿ, ಬರ್ರಿ’ ಅಂದಳು. ಇಬ್ಬರೂ ಎದುರುಬದುರು ಕೂತು ಊದಿದೆವು. ನಗು ಬಂದು ನೀರು ಟೇಬಲ್ ತುಂಬ. ತಂಗಿ, ನಿನ್ನ ಹೆಸರು ಬರೆಯಬೇಡ ಅಂದಿದ್ದೀಯ, ಬರೆದಿಲ್ಲ ನೋಡು.

ಖರ್ಚಿನ ಮಾತು. ನಮ್ಮಂಥವರಿಗೆ ಪಿಎಫ್ಫೂ ಇಲ್ಲ, ಪಗಾರದ ಚೀಟಿಯೂ ಇಲ್ಲ. ಕಲಾವಿದರು ಸೇರಿ ನನಗಾಗಿ ಒಂದು ಸಹಾಯಾರ್ಥ ನಾಟಕ ಆಡಿದರು. ಕಂದಗಲ್ ಹನುಮಂತರಾಯರ ರಕ್ತರಾತ್ರಿಯನ್ನೇ ಆರಿಸಿದರು, ನನ್ನ ನಾಟಕ ಅಂತ. ನನ್ನ ಪಾರ್ಟು ಮಾಡಿದ ಹುಡುಗಿ ಬಣ್ಣ ಹಚ್ಚುವ ಮುಂಚೆ ಮನೆಗೆ ಬಂದು ಕಾಲಿಗೆ ಬಿದ್ದಳು. ನಾನು ಪಾಟಿಯಲ್ಲಿ ‘ಎರಡನೇ ಅಂಕದಲ್ಲಿ ಉಸಿರು ಉಳಿಸಿಕೋ’ ಅಂತ ಬರೆದೆ. ಆಡಿದವರು ಯಾರೂ ಬಸ್ ಚಾರ್ಜು ಕೂಡ ತಗೊಳ್ಳಲಿಲ್ಲ. ಅವರಲ್ಲಿ ಇಬ್ಬರ ಜತೆ ನಾನು ವರ್ಷಗಟ್ಟಲೆ ಮಾತು ಬಿಟ್ಟಿದ್ದೆ. ಒಂದು ಪದ ಯಾರು ಹಾಡಬೇಕು ಅನ್ನುವ ಜಗಳ. ಈಗ ನೆನೆಸಿಕೊಂಡರೆ ಆ ಪದವೂ ಅಷ್ಟೇನೂ ಚೆನ್ನಾಗಿರಲಿಲ್ಲ.

ಈಗ ಮಾಸ್ತರ ವಿಷಯಕ್ಕೆ ಬರುತ್ತೇನೆ. ಈ ಬರಹ ಹೊರಟಿದ್ದೇ ಅವರಿಗಾಗಿ.

ನಮ್ಮ ಪೇಟಿ ಮಾಸ್ತರು ಮೂವತ್ತು ವರ್ಷದಿಂದ ನನ್ನ ಬಲಕ್ಕೆ ಕೂತವರು. ಅವರದು ಕಾಲಿನಿಂದ ತುಳಿಯುವ ಹಳೇ ಹಾರ್ಮೋನಿಯಂ. ಈಗಿನ ಸ್ಕೇಲ್ ಚೇಂಜರ್ ಪೇಟಿಯಾದರೆ ಮನೆಗಳನ್ನೇ ಪಕ್ಕಕ್ಕೆ ಸರಿಸಿ ಶ್ರುತಿ ಬದಲಾಯಿಸಬಹುದು, ಬೆರಳು ಮೊದಲಿನ ಜಾಗದಲ್ಲೇ ಇರುತ್ತವೆ. ಹಳೇ ಪೇಟಿಯಲ್ಲಿ ಆ ಸೌಕರ್ಯ ಇಲ್ಲ. ಶ್ರುತಿ ಬದಲಾದರೆ ಪ್ರತಿ ಹಾಡಿನ ಬೆರಳೂ ಬದಲು. ಮೂವತ್ತು ವರ್ಷ ಒಂದೇ ದಾರಿಯಲ್ಲಿ ನಡೆದ ಬೆರಳುಗಳವು.

ಆರು ತಿಂಗಳ ಮೇಲೆ ಡಾಕ್ಟರು ಹಾಡಬಹುದು ಅಂದ ದಿನ ಮಾಸ್ತರ ಮನೆಗೆ ಹೋದೆ. ಕಪ್ಪು 5ರಲ್ಲೇ ಕೊಡ್ರಿ ಅಂದೆ. ಭೀಮಪಲಾಸಿ ರಾಗದ ಒಂದು ಪದ ಎತ್ತಿಕೊಂಡೆ. ಮೇಲಿನ ಷಡ್ಜದವರೆಗೆ ಹೇಗೋ ಹೋದೆ. ಅದರಾಚೆ ಗಾಂಧಾರಕ್ಕೆ ಬಾಯಿ ತೆರೆದರೆ ಬರೀ ಗಾಳಿ. ಮತ್ತೊಮ್ಮೆ. ಗಾಳಿ. ಮಾಸ್ತರು ಪೇಟಿ ಮುಚ್ಚಿ ‘ಚಾ ಕುಡಿಯೋಣು’ ಅಂದರು. ಶ್ರುತಿ ಇಳಿಸೋಣವೇ ಅಂತ ಅವರು ಕೇಳಲಿಲ್ಲ. ಕೇಳಿದ್ದರೆ ನಾನು ಎದ್ದು ಬಂದುಬಿಡುತ್ತಿದ್ದೆ. ನನ್ನ ಸ್ವಭಾವ ಅವರಿಗೆ ಗೊತ್ತು.

ಹತ್ತು ದಿನ ಬಿಟ್ಟು ಬರಲು ಹೇಳಿದರು. ಹೋದೆ. ಪೇಟಿಯ ಮುಂದೆ ರಟ್ಟಿನ ಡಬ್ಬಿ, ಹಳೇ ಪುಸ್ತಕ ಏನೇನೋ ಒಟ್ಟಿದ್ದರು, ಮನೆಗಳು ನನಗೆ ಕಾಣದ ಹಾಗೆ. ಶುರು ಮಾಡಿದರು. ಅದೇ ಪದ. ಗಾಂಧಾರ ಬಂತು! ಸ್ವಲ್ಪ ದಪ್ಪ, ಸ್ವಲ್ಪ ಮಣ್ಣಿನ ವಾಸನೆ, ಆದರೂ ಬಂತು. ಮಾಸ್ತರು ಏನೂ ಆಗದವರ ಹಾಗೆ ಕಿಟಕಿ ಕಡೆ ನೋಡುತ್ತ ನುಡಿಸುತ್ತಿದ್ದರು.

ನನಗೆ ಗೊತ್ತಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಎರಡನೇ ಸಾಲಿಗೇ ಗೊತ್ತಾಯಿತು, ಇದು ಕಪ್ಪು 3, ಎರಡು ಕಪ್ಪು ಮನೆ ಕೆಳಗಿನ ಶ್ರುತಿ. ಅಷ್ಟೂ ತಿಳಿಯದಿದ್ದರೆ ಎಂಥ ಹಾಡುಗಾರ್ತಿ? ಆದರೆ ಗೊತ್ತಾಗದ ಹಾಗೆ ನಟಿಸಿದೆ. ಜೀವಮಾನವೆಲ್ಲ ಅದನ್ನೇ ಮಾಡಿದವಳು ಅಲ್ವಾ. ಅವರೂ ನಟಿಸಿದರು. ಎರಡು ವಾರ ಆ ರಟ್ಟಿನ ಡಬ್ಬಿಯನ್ನು ಇಬ್ಬರೂ ನೋಡಿಯೂ ನೋಡದವರ ಹಾಗೆ ಇದ್ದೆವು.

ಕಡೆಗೆ ಗುಟ್ಟು ಬಿಟ್ಟುಕೊಟ್ಟವರು ಅವರ ಮನೆಯವರು. ಚಹಾ ಇಡುತ್ತ ‘ಇವ್ರು ರಾತ್ರಿ ಒಂದ ಗಂಟಿ ತನ ಪೇಟಿ ಮ್ಯಾಲೆ ಕೌದಿ ಹೊಚ್ಚಿ ಬಾರಸ್ತಾರವ್ವಾ, ಓಣ್ಯಾಗಿನ ಮಂದಿಗೆ ಕೇಳಬಾರ್ದಂತ’ ಅಂದರು. ನಲವತ್ತಕ್ಕೂ ಹೆಚ್ಚು ಪದ. ಒಂದೊಂದನ್ನೂ ಹೊಸ ಮನೆಗಳಲ್ಲಿ, ಹೊಸ ಬೆರಳಿನಲ್ಲಿ, ಅರವತ್ತೆಂಟರ ವಯಸ್ಸಿನಲ್ಲಿ ಮತ್ತೆ ಕಲಿತಿದ್ದರು. ಸುಮ್ನೆ ಕೂತೆ. ಚಹಾ ಆರಿತು. ಮಾಸ್ತರು ಎದ್ದು ಡಬ್ಬಿ ತೆಗೆದು ಕಪಾಟಿನಲ್ಲಿಟ್ಟು, ‘ಇನ್ನ ಇದರ ಕೆಲಸಿಲ್ಲ’ ಅಂದರು. ಆ ಬಗ್ಗೆ ನಾವು ಆಡಿದ್ದು ಅಷ್ಟೇ ಮಾತು.

ತಬಲಾ ಹುಡುಗನನ್ನೂ ಹೇಳಬೇಕು. ಏರು ಶ್ರುತಿಯ ತಬಲಾ ಸಣ್ಣ ಬಾಯಿಯದು, ಅದನ್ನು ಅಷ್ಟು ಇಳಿಸಲು ಆಗುವುದಿಲ್ಲ. ಇಳಿಸಿದರೆ ಸತ್ತ ದನಿ. ಅವನು ಕಂತಿನಲ್ಲಿ ಅಗಲ ಬಾಯಿಯ ತಬಲಾ ಕೊಂಡ. ‘ಬ್ಯಾರೇ ಕಡೆನೂ ಬೇಕಾಗತೈತ್ರಿ’ ಅಂತ ಸುಳ್ಳು ಹೇಳಿದ. ನನ್ನ ಸುತ್ತ ಎಲ್ಲರೂ ನಟರೇ.

ಮೊನ್ನೆಯದನ್ನು ಗದಗಿನಲ್ಲೇ ಮಾಡಬೇಕು ಅಂತ ನಾನು ಹಟ ಹಿಡಿದಿದ್ದೆ. ಈ ಕಡೆಯೆಲ್ಲ ಮರಾಠಿ ನಾಟಕಗಳೇ ಮೆರೆಯುತ್ತಿದ್ದಾಗ ಶಾಂತಕವಿಗಳು ಕನ್ನಡ ನಾಟಕ ಮಂಡಳಿ ಕಟ್ಟಿದ ಊರು ಇದು. ಗರೂಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯ ಊರು. ಆಶ್ರಮದ ಮಕ್ಕಳ ಅನ್ನಕ್ಕೆ ದಾರಿಯಾಗಲೆಂದು ವೀರೇಶ್ವರ ಪುಣ್ಯಾಶ್ರಮದವರು ನಾಟಕ ಕಂಪನಿ ನಡೆಸಿದರು. ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು ಹಾಡಿದ್ದಷ್ಟೇ ಅಲ್ಲ, ನಾಟಕವನ್ನೂ ಬರೆದರು. ನಮ್ಮ ಮಾಸ್ತರು ಸ್ವರ ಹಿಡಿದದ್ದೂ ಆ ಆಶ್ರಮದ ಅಂಗಳದಲ್ಲೇ.

‘ನಾಟಕದ ಪದ’ ಅಂದರೆ ಮೂಗು ಮುರಿಯುವವರು ಈಗಲೂ ಇದ್ದಾರೆ. ಆದರೆ ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನಸೂರರ ಧ್ವನಿ ಗುರು ನೀಲಕಂಠಬುವಾ ಅವರ ಕಿವಿಗೆ ಮೊದಲು ಬಿದ್ದದ್ದೇ ನಾಟಕ ಕಂಪನಿಯಲ್ಲಿ, ಹುಡುಗನಾಗಿ ಹಾಡುತ್ತಿದ್ದಾಗ. ಬಿ.ವಿ. ಕಾರಂತರು ಹುಡುಗರಾಗಿ ಸೇರಿದ್ದು ಗುಬ್ಬಿ ಕಂಪನಿಗೆ. ನನ್ನನ್ನೂ ಒಬ್ಬ ಮಾಲಕರು ತೊಂಬತ್ತರ ದಶಕದಲ್ಲಿ ಕರೆದು, ‘ಪದ ಸಾಕು, ಜನಕ್ಕ ರೆಕಾರ್ಡ್ ಡ್ಯಾನ್ಸ್ ಬೇಕು’ ಅಂದಿದ್ದರು. ಅವರದೂ ತಪ್ಪಲ್ಲ, ಗಲ್ಲಾ ಪೆಟ್ಟಿಗೆ ಅವರದು. ಆದರೆ ಆ ರಾತ್ರಿ ನಾನು ಕ್ಯಾಂಪು ಬಿಟ್ಟು ಬಂದೆ. ಮುಂದೆ ಹವ್ಯಾಸಿ ತಂಡದ ಹುಡುಗರು ಹಳೇ ಪದ ಕಲಿಸಿ ಅಂತ ಮನೆ ಬಾಗಿಲಿಗೆ ಬರುವವರೆಗೆ ಮದುವೆ ಮನೆಯಲ್ಲಿ, ಭಜನೆಯಲ್ಲಿ ಹಾಡಿ ಹೊಟ್ಟೆ ಹೊರೆದೆ. ಆ ಹುಡುಗರಲ್ಲಿ ಕೆಲವರಿಗೆ ಈಗ ತಲೆ ನೆರೆತಿದೆ. ಭಾನುವಾರ ಕುರ್ಚಿ ಹಾಕಿದವರು, ಎತ್ತಿದವರು ಅವರೇ. ಅಷ್ಟೂ ಜನಕ್ಕೆ ನಮಸ್ಕಾರ.

ಇನ್ನೊಬ್ಬರಿದ್ದಾರೆ. ಕಾರ್ಯಕ್ರಮ ಮುಗಿದು ಜನ ಕರಗಿದ ಮೇಲೆ ಒಬ್ಬ ಅಜ್ಜ ಕೈಚೀಲ ಹಿಡಿದು ಬಂದರು. ಗುರುತು ಸಿಕ್ಕಲಿಲ್ಲ. ‘ಗೇಟಿನ್ಯಾಂವವ್ವಾ’ ಅಂದರು. ಆಗ ಹೊಳೆಯಿತು. ನಮ್ಮ ಕಂಪನಿಯ ಗೇಟ್‌ಕೀಪರ್. ನಾಟಕ ಶುರುವಾಗುವ ಮುಂಚೆ ಪದಗಳ ಪುಸ್ತಕ ಮಾರುವುದೂ ಅವರದೇ ಕೆಲಸ. ತೆಳ್ಳನೆಯ ಪುಸ್ತಕ, ಮುಟ್ಟಿದರೆ ಬಣ್ಣ ಹತ್ತುವ ರಟ್ಟು. ಒಳಗೆ ಆ ನಾಟಕದ ಅಷ್ಟೂ ಪದ. ಪ್ರತಿ ಪದದ ಮೇಲೆ ರಾಗ, ತಾಳ, ಅದರ ಪಕ್ಕ ‘ಧಾಟಿ’ ಅಂತ ಒಂದು ಸಾಲು, ಅಂದರೆ ಯಾವ ಹಾಡಿನ ಮಟ್ಟಿನಲ್ಲಿ ಹಾಡಬೇಕು ಅಂತ. ಎಷ್ಟೋ ಧಾಟಿ ಮರಾಠಿ ನಾಟ್ಯಪದಗಳದು, ಕೆಲವು ಆಗಿನ ಹಿಂದಿ ಸಿನಿಮಾದ್ದು. ನಮ್ಮ ಪುಸ್ತಕಗಳೆಲ್ಲ ಒಂದು ಮಳೆಗಾಲದಲ್ಲಿ ಟ್ರಂಕಿನೊಳಗೇ ಮುದ್ದೆಯಾಗಿ ಹೋಗಿದ್ದವು. ಅಜ್ಜ ಪ್ರತಿ ನಾಟಕದ್ದೂ ಒಂದೊಂದು ತೆಗೆದಿಟ್ಟಿದ್ದರಂತೆ. ಹದಿನೇಳು ಪುಸ್ತಕ. ಒಂದರ ಹಿಂದಿನ ರಟ್ಟಿನ ಮೇಲೆ ಅವ್ವನ ಅಕ್ಷರದಲ್ಲಿ ಕಿರಾಣಿ ಚೀಟಿ: ಜೋಳದ ಹಿಟ್ಟು, ಬೆಲ್ಲ, ಸೀಮೆಎಣ್ಣೆ, ಕೊಬ್ಬರಿ ಎಣ್ಣೆ. ಕೊಬ್ಬರಿ ಎಣ್ಣೆ ತಲೆಗಲ್ಲ, ಬಣ್ಣ ತೆಗೆಯಲು. ನಾನು ಬಾಯಿ ಬಿಡುವಂತಿರಲಿಲ್ಲ. ಅವರ ಎರಡೂ ಕೈ ಹಿಡಿದುಕೊಂಡು ನಿಂತೆ. ಅಜ್ಜಾರ, ಅವತ್ತು ಆಡದ ಮಾತು ಇದೇ. ನಿಮ್ಮ ಮೊಮ್ಮಗಳಿಗೆ ಹೇಳಿ ಇದನ್ನು ಓದಿಸಿಕೊಳ್ಳಿ.

ಆ ಹದಿನೇಳರಲ್ಲಿ ಐದು ಪದ ನನಗೂ ಬರುವುದಿಲ್ಲ. ಧಾಟಿಯ ಸಾಲು ಇದೆ, ಮೂಲ ಹಾಡು ಗೊತ್ತಿಲ್ಲ. ಮೀರಜ್, ಸಾಂಗ್ಲಿ ಕಡೆಯ ಹಳಬರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಹೇಳಿ, ಆ ಸಾಲುಗಳನ್ನು ಬರೆದು ಕಳಿಸುತ್ತೇನೆ.

ಭಾನುವಾರ ಯಾರೋ ಹಿಂದಿನಿಂದ ‘ವನ್ಸ್ ಮೋರ್’ ಅಂತ ಕೂಗಿದಿರಲ್ಲ, ನಾನು ಹಾಡಲಿಲ್ಲ. ಬೇಜಾರಾಗಬೇಡಿ. ಆ ಪದದಲ್ಲಿ ಗಾಂಧಾರ ಮೂರು ಸಲ ಬರುತ್ತದೆ. ಒಂದು ರಾತ್ರಿಗೆ ಮೂರೇ ನನ್ನ ಲೆಕ್ಕ ಈಗ.

ಬಾಕಿ ಉಳಿದದ್ದನ್ನು ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಯಲ್ಲಿ ತೀರಿಸುತ್ತೇನೆ. ಈ ಸಲ ಒಂದು ಕಂಪನಿಯವರು ನಾಂದಿ ಪದ, ಅಂದರೆ ನಾಟಕ ಶುರುವಾಗುವ ಮುಂಚಿನ ಸ್ತುತಿ, ಹಾಡಲು ಕರೆದಿದ್ದಾರೆ. ಮಾಸ್ತರೂ ಬರುತ್ತಾರೆ, ಕಾಲಿನ ಪೇಟಿ ಟೆಂಪೋದಲ್ಲಿ ಬರುತ್ತದೆ. ಮೊದಲ ಆಟಕ್ಕಲ್ಲ, ರಾತ್ರಿಯ ಎರಡನೇ ಆಟಕ್ಕೆ. ಬರುವವರು ಕಂಬಳಿ ತನ್ನಿ, ಪುಷ್ಯದ ಚಳಿ ಜಾಸ್ತಿ ಇರುತ್ತದೆ.