ಟೋಯೊಸುವಿನಲ್ಲಿ ಅಮ್ಮನಿಗೆ ಆಸರೆಯಾದವರಿಗೆ

ಟೋಕಿಯೊದ ಟೋಯೊಸು ಮಾರುಕಟ್ಟೆಯಲ್ಲಿ ಬೆಳಿಗ್ಗೆ ಸುಶಿ ತಿಂದೆವು. ನನಗೆ ತಾಜಾ ಟ್ಯೂನಾ, ಮೀನು ಮುಟ್ಟದ ಅಮ್ಮನಿಗೆ ಸೌತೆಕಾಯಿಯ ಕಪ್ಪಾಮಾಕಿ. ಅಲ್ಲಿಂದ ರೈಲಿನಲ್ಲಿ ಒಂದೇ ನಿಲ್ದಾಣ, ಟೀಮ್‌ಲ್ಯಾಬ್ ಪ್ಲಾನೆಟ್ಸ್ ಎಂಬ ಡಿಜಿಟಲ್ ಕಲಾ ಸಂಗ್ರಹಾಲಯ.

2018ರಲ್ಲಿ ತೆರೆದ ಈ ಕಲಾಲೋಕದ ಹಲವು ಕಡೆ ಬರಿಗಾಲಲ್ಲೇ ನಡೆಯಬೇಕು. ಒಂದು ಕೋಣೆಯಲ್ಲಂತೂ ಮೊಣಕಾಲುದ್ದ ನೀರು. ಸೀರೆಯುಟ್ಟಿದ್ದ ಅಮ್ಮ ಲಾಕರ್ ಹತ್ತಿರವೇ ನಿಂತುಬಿಟ್ಟರು. "ನೀನು ನೋಡ್ಕೊಂಡು ಬಾ ಪುಟ್ಟಾ, ನಾನಿಲ್ಲೇ ಕೂತಿರ್ತೀನಿ."

ಅಷ್ಟರಲ್ಲಿ ಅಲ್ಲಿನ ಸಿಬ್ಬಂದಿ, ಯುವತಿಯೊಬ್ಬರು ಬಂದರು. ಕಣ್ಣಲ್ಲೇ ಅಳತೆ ನೋಡಿ, ಅಲ್ಲಿ ಪುಕ್ಕಟೆ ಕೊಡುವ ಚಡ್ಡಿ ತಂದರು. ಮುಂದಿನ ಕೋಣೆಗಳ ನೆಲವೆಲ್ಲ ಕನ್ನಡಿ ಎಂದು ಸನ್ನೆಯಲ್ಲೇ ತಿಳಿಸಿದರು, ಅಮ್ಮನಿಗೆ ಮುಜುಗರವಾಗದ ಹಾಗೆ. ಅಮ್ಮ ಒಳಗೆ ಚಡ್ಡಿ ಹಾಕಿಕೊಂಡು, ನಾಟಿಗೆ ಗದ್ದೆಗಿಳಿಯುವವರಂತೆ ಸೀರೆ ಎತ್ತಿ ಕಟ್ಟಿದರು. ಕತ್ತಲಲ್ಲಿ, ನೀರು ಹರಿಯುವ ಇಳಿಜಾರಿನ ದಾರಿಯಲ್ಲಿ ಆ ಯುವತಿ ಅಮ್ಮನ ಕೈ ಹಿಡಿದು ಎಳೆಯಲಿಲ್ಲ. ತಮ್ಮ ಮುಂಗೈ ಚಾಚಿ, ಅಮ್ಮನೇ ಹಿಡಿಯಲಿ ಎಂದು ಕಾದರು. ಒಂದೊಂದೇ ಹೆಜ್ಜೆ. ನನ್ನ ಎದೆಯ ಭಾರ ಇಳಿದದ್ದು ಆಗಲೇ.

ನೀರಿನ ಮೇಲೆ ಬೆಳಕಿನ ಕೋಯಿ ಮೀನುಗಳು ಈಜಿ ಬಂದು ಅಮ್ಮನ ಕಾಲಿಗೆ ತಾಗಿದೊಡನೆ ಹೂವಾದವು. ಅಮ್ಮ ಜೋರಾಗಿ ನಕ್ಕರು. ನಾನು ತಿರುಗುವಷ್ಟರಲ್ಲಿ ಆಕೆ ಬೇರೆಯವರ ನೆರವಿಗೆ ಹೊರಟಿದ್ದರು. ಅಲ್ಲಿ ಹೇಳಲಾಗದ ಧನ್ಯವಾದವನ್ನು ಅಮ್ಮನ ಪರವಾಗಿಯೂ ಇಲ್ಲಿ ಹೇಳುತ್ತಿದ್ದೇನೆ.