ಗಾಡಿ ಮಾರಾಕತ್ತೇನಿ ದೋಸ್ತ, ಆದ್ರ ನಿನಗಲ್ಲ

ಪ್ರೀತಿಯ ದೋಸ್ತ,

ರವಿವಾರ ಫೋನಿನಾಗ ನನ್ನ ಕಾರಿನ ಮಾತು ಬಂದಾಗ ನೀ "ಹೊರಗಿನವರಿಗೆ ಯಾಕ ಕೊಡ್ತಿ, ನನಗs ಕೊಟ್ಟಬಿಡು, ರೇಟ್ ನೀ ಹೇಳಿದ್ದs" ಅಂದಿ, ನಾ ಹೂಂ ಹೂಂ ಅಂತ ಮಾತು ಬ್ಯಾರೆ ಕಡೆ ತಿರುಗಿಸಿದೆ, ಅದು ನಿನಗೂ ಗೊತ್ತಾಗಿರಬೇಕು. ಇಟ್ಟ ಮ್ಯಾಲೆ ಭಾಳ ಹೊತ್ತು ಮನಸ್ಸಿಗೆ ಸಮಾಧಾನ ಇರಲಿಲ್ಲ. ಫೋನಿನಾಗ ಹೇಳಿದ್ರ ಇವ ಕೊಡಾಕ ಒಲ್ಲ ಅಂತಾನ ಅಂತ ಅನಸ್ತಿತ್ತು ನಿನಗ, ಹಂಗಲ್ಲ, ಅದಕ್ಕ ಪೂರಾ ಬರೀತೇನಿ, ಓದಿ ಆಮ್ಯಾಲೆ ಬೈಯೂದಿದ್ರ ಬೈ.

ಮೊದಲ ಯಾಕ ಮಾರಾಕತ್ತೇನಿ ಅನ್ನೂದು. ನನ್ನ ಎಡಗಾಲಿನ ಮೊಳಕಾಲು. ಇಲ್ಲಿ ಪುಣೆದಾಗ ಕೋಥ್ರೂಡದಿಂದ ಹಿಂಜವಡಿಗೆ ದಿನಾ ಹೋಗಿ ಬರೂದು, ಮುಂಜಾನೆ ಬಾವಧನ್ ದಾಟಿ ವಾಕಡ್ ಮುಟ್ಟೂತನಕ ಫಸ್ಟ್ ಗೇರು, ಸೆಕೆಂಡ್ ಗೇರು, ಮತ್ತ ಫಸ್ಟ್ ಗೇರು, ಹನ್ನೆರಡು ವರ್ಷ ಆ ಕ್ಲಚ್ ಒತ್ತಿ ಒತ್ತಿ ಈಗ ಮನಿಗೆ ಬಂದು ಲಿಫ್ಟಿನ ಮುಂದ ಎರಡು ನಿಮಿಷ ಗೋಡಿ ಹಿಡಕೊಂಡು ನಿಂತು ಆಮ್ಯಾಲೆ ಒಳಗ ಹೋಗ್ತೇನಿ. ಡಾಕ್ಟರು ಈ ಗಾಡಿ ಬಿಡ್ರಿ ಅಂತ ಸ್ಪಷ್ಟ ಹೇಳ್ಯಾರ. ಅತ್ತಾಗ ಅವ್ವಗೂ ಹತ್ತಾಕ ಎತ್ತರ ಆಗ್ತೈತಿ, ಒಂದು ಸ್ಟೂಲ್ ಇಟ್ಟು, ನಾ ರಟ್ಟಿ ಹಿಡಿದು, ಅಂತೂ ಹತ್ತಸ್ತೇನಿ. ಮಗಳು ಮದುವಿಯಾಗಿ ಹೋದ್ಲು, ಮಗ ಹಾಸ್ಟೆಲಿನಾಗ ಅದಾನ, ಏಳು ಸೀಟಿನ ಗಾಡಿಯಾಗ ನಾವು ಮೂರು ಮಂದಿ. ಸಣ್ಣದೊಂದು ಆಟೋಮ್ಯಾಟಿಕ್ ತಗೋತೇವಿ.

ಮಾರೂದು ಸುಲಭ ಇಲ್ಲ. 2013ರ ನವೆಂಬರಿನಾಗ ತಂದದ್ದು ಈ ಮಹೀಂದ್ರಾ ಎಕ್ಸ್‌ಯುವಿ ಫೈವ್ ಡಬಲ್ ಓ, ನಿನಗ ನೆನಪಿರತೈತಿ, ಪೂಜಾ ಮಾಡುವಾಗ ನೀನೂ ಇದ್ದಿ. ಚಾಕಣದ ಫ್ಯಾಕ್ಟರಿಯಾಗ ತಯಾರಾದ ಗಾಡಿ, ನಮ್ಮ ಮನಿಯಿಂದ ತಾಸು ಒಂದೂವರಿ ತಾಸಿನ ದಾರಿ. 2.2 ಲೀಟರ್ ಡೀಸೆಲ್, 140 ಹಾರ್ಸ್‌ಪವರ್, ಆರು ಗೇರು, ನಾಲ್ಕೂ ಗಾಲಿಗೆ ಪವರ್, ಅದಕ್ಕs ಎಡಬ್ಲ್ಯುಡಿ ಅಂತಾರ. ಆವಾಗ ಎಲ್ಲಾರೂ ಟೂ ವ್ಹೀಲ್ ಡ್ರೈವ್ ಸಾಕು, ಸುಮ್ನ ರೊಕ್ಕ ಯಾಕ ಹಾಕ್ತಿ ಅಂದ್ರು, ನಾ ಹಟಾ ಮಾಡಿ ಎಡಬ್ಲ್ಯುಡಿನs ತಗೊಂಡೆ. ಬಾಗಿಲದ ಹ್ಯಾಂಡಲ್ ನೋಡಿಯಲ್ಲ, ಚೀತಾ ಪಂಜಾದಂಗ ಮಾಡ್ಯಾರ, ಮಗ ಸಣ್ಣಾಂವ ಇದ್ದಾಗ ಮುಂಜಾನೆ ಸಾಲಿಗೆ ಹೋಗುವಾಗ ಅದಕ್ಕ ಶೇಕ್‌ಹ್ಯಾಂಡ್ ಕೊಟ್ಟs ಒಳಗ ಕುಂಡ್ರತಿದ್ದ. ಆ ಹಿಂದಿನ ಎಡಗಡೆ ಹ್ಯಾಂಡಲಿನ ಬಣ್ಣ ಉಳಿದ ಮೂರಕ್ಕಿಂತ ಮಬ್ಬಾಗೈತಿ. ಫೋಟೋ ತಗಿಯೂಮುಂದ ಅದು ಕಣ್ಣಿಗೆ ಬಿತ್ತು, ಆವತ್ತು ಜಾಹೀರಾತು ಹಾಕಲೇ ಇಲ್ಲ, ಮರುದಿನ ಹಾಕಿದೆ.

ನಾಲ್ಕು ಗಾಲಿ ಯಾತಕ್ಕ ಬೇಕಾಗಿತ್ತು ಅಂತ ನೀ ಯಾವಾಗಲೂ ಕೇಳ್ತಿದ್ದಿ. ಸವದತ್ತಿ ಕಡೆ ನಮ್ಮ ಮಾವನವರ ಎರಿ ಹೊಲ ಗೊತ್ತಲ್ಲ, ಅಲ್ಲಿಗೆ ಒಂದ್ಸಲ ಹೋಗಿದ್ವಿ, ನಾವು ಊಟಕ್ಕ ಕುಂತಾಗ ಅರ್ಧಾ ತಾಸು ಮಳಿ ಹೊಡೀತು, ಅಷ್ಟs. ಎರಿ ಮಣ್ಣಿಗೆ ಅಷ್ಟು ಸಾಕು. ಗಾಲಿ ಎರಡು ಸುತ್ತು ತಿರುಗೂದ್ರಾಗ ಟೈರಿನ ಗೆರಿ ಎಲ್ಲಾ ಮುಚ್ಚಿ ನುಣ್ಣಗಾತು, ಮುಂದಿನ ಗಾಲಿ ಅಲ್ಲೇ ಗರಗರ ತಿರುಗಾಕ ಹತ್ತಿದ್ವು, ಗಾಡಿ ಮಗ್ಗಲಕ್ಕ ಬದುವಿನ ಕಡೆ ಸರಿಯಾಕ ಹತ್ತಿತು. ಅವ್ವ ಹಿಂದ ಕುಂತು ತೊಡಿ ಮ್ಯಾಲಿನ ಹೋಳಿಗಿ ಡಬ್ಬಿ ಗಟ್ಟಿ ಹಿಡಕೊಂಡಿದ್ಲು, ಮಾತಿಲ್ಲ. ನಿಂದರಿಸಿದೆ. ಹಿಂದಿನ ಗಾಲಿಗೂ ಜೋರು ಕಳಸೂ ಲಾಕ್ ಬಟನ್ ಒತ್ತಿದೆ. ಫಸ್ಟ್ ಗೇರು ಹಾಕಿದ್ರ ಜೋರು ಭಾಳ ಬಂದು ಮತ್ತ ತಿರುಗ್ತಾವ, ಅದಕ್ಕ ಸೆಕೆಂಡ್ ಹಾಕಿ ಆಕ್ಸಿಲರೇಟರ್ ಮುಟ್ಟಿದಂಗ ಮಾಡಿ ಕ್ಲಚ್ ಸಾವಕಾಶ ಬಿಟ್ಟೆ, ಬಿಡೂದು ಅಂದ್ರ ಬೆಣ್ಣಿಯಾಗಿಂದ ಕೂದಲಾ ತಗದಂಗ, ಹಿಂದಿನ ಗಾಲಿ ಹಿಡಿದದ್ದು ಸೊಂಟಕ್ಕ ಗೊತ್ತಾತು, ಹಿಂದಿನಿಂದ ಯಾರೋ ಕೈ ಹಚ್ಚಿ ದೂಡಿದಂಗ. ಡಾಂಬರ್ ರಸ್ತಾ ಮುಟ್ಟೂತನಕ ಒಂದs ಗೇರು, ಒಂದs ಸ್ಪೀಡು. ಆಮ್ಯಾಲೆ ಅವ್ವ "ಎತ್ತು ಕಟ್ಟಿ ಜಗ್ಗಬೇಕಾಗಿತ್ತು ಇದನ್ನ" ಅಂದು ಡಬ್ಬಿ ಮುಚ್ಚಳಾ ತಗದು ನನಗೊಂದು ಹೋಳಿಗಿ ಕೊಟ್ಲು. ಆವತ್ತು ಆ ಗಾಡಿ ಮ್ಯಾಲೆ ಬಂದ ವಿಶ್ವಾಸ ಇವತ್ತಿಗೂ ಕಡಿಮಿ ಆಗಿಲ್ಲ ನೋಡು.

ಆದ್ರ ಅದಕ್ಕೂ ಮಿತಿ ಐತಿ, ಅದನ್ನೂ ಹೇಳಬೇಕು. ನಾಲ್ಕು ಗಾಲಿ ಹೋಗಾಕ ಹಿಡಿತ ಕೊಡ್ತಾವ, ನಿಂದ್ರಾಕ ಅಲ್ಲ. ಬ್ರೇಕ್ ಎಲ್ಲಾ ಗಾಡಿಗೂ ನಾಲ್ಕs ಗಾಲಿಗೆ ಇರ್ತಾವ. 2019ರ ಆಗಸ್ಟಿನಾಗ ಕೊಲ್ಲಾಪುರದ ಹತ್ರ ಪಂಚಗಂಗಾ ನೀರು ಬಂದು ಹೈವೇ ಬಂದ್ ಆದಾಗ ನಾವು ಕರಾಡದಿಂದ ವಾಪಸ್ ಬಂದ್ವಿ, ನಿಮ್ಮದು ಫೋರ್ ಬೈ ಫೋರ್ ಅಲ್ಲೇನು ಅಂತ ಒಬ್ಬಿಬ್ಬರು ಕೇಳಿದ್ರು. ಹರಿಯೂ ನೀರಿನಾಗ ಎಷ್ಟು ಗಾಲಿ ತಿರುಗಿದ್ರೂ ಗಾಡಿ ತೇಲತೈತಿ ಅಷ್ಟs.

ಈಗ ನೀ ತಗೋಬೇಕಂತ ಮಾಡಿದ್ರ ನಿನಗ ಗೊತ್ತಿರಬೇಕಾದ ಮಾತು. ಈ ಗಾಡಿ ಸಾದಾ ರಸ್ತಾದಾಗ ಮುಂದಿನ ಎರಡು ಗಾಲಿ ಮ್ಯಾಲೆ ಓಡ್ತೈತಿ, ಮುಂದಿನವು ಜಾರಿದ್ರ ಹಿಂದಿನ ಎರಡು ಗಾಲಿಗೆ ಜೋರು ಹಂಚೂ ಡಿಫರೆನ್ಷಿಯಲ್ ಮುಂದ ಒಂದು ಕಪ್ಲಿಂಗ್ ಐತಿ, ಅದು ಬಿಗಿಯಾಗಿ ಹಿಂದಿನ ಗಾಲಿಗೆ ಜೋರು ಕಳಸ್ತೈತಿ. ಅಂದ್ರ ನೀ ಹುಬ್ಬಳ್ಳಿಗೆ ಹೋಗು, ಎರಿ ಹೊಲಕ್ಕ ಹೋಗು, ಮುಂದಿನಿಂದ ಹಿಂದಕ್ಕ ಜೋರು ಒಯ್ಯೂ ಆ ಪ್ರೊಪೆಲ್ಲರ್ ಶಾಫ್ಟು, ಡಿಫರೆನ್ಷಿಯಲ್ಲು, ಕಪ್ಲಿಂಗು ಎಲ್ಲಾ ಯಾವತ್ತೂ ಹೊತಗೊಂಡs ತಿರುಗಬೇಕು. ಅದರ ಎಣ್ಣಿ ಬದಲಸಬೇಕು, ಸೀಲು ನೋಡಬೇಕು, ಡೀಸೆಲ್ಲೂ ಒಂದಿಷ್ಟು ಹೆಚ್ಚಿಗೆ ಕುಡೀತೈತಿ. ನನಗ ಪುಣೆದಾಗ ಹತ್ತು, ಹೈವೇಕ್ಕ ಹದಿಮೂರು ಕೊಡ್ತೈತಿ.

ಮತ್ತ ಟೈರು. ಇದು ನಾ ರೊಕ್ಕ ಕೊಟ್ಟು ಕಲತದ್ದು. 2018ರಾಗ ಮುಂದಿನ ಎರಡು ಟೈರು ಸವದಿದ್ವು, ಟೈರಿನ ಅಂಗಡಿಯಾಂವ ಎರಡs ಸಾಕ್ರೀ ಸಾಹೇಬ್ರ, ಹಿಂದಿನವು ಇನ್ನೂ ಓಡ್ತಾವ ಅಂದ, ಹಾಕಿಸಿದೆ. ತಿಂಗಳೊಪ್ಪತ್ತಿನಾಗ ಹಿಂದಿನಿಂದ ಗುಂಯ್ ಅನ್ನೂ ಸಪ್ಪಳ, ಪಾರ್ಕಿಂಗಿನಾಗ ಸ್ಟಿಯರಿಂಗ್ ಪೂರಾ ತಿರುಗಿಸಿದ್ರ ಗಾಡಿ ತಡದು ತಡದು ಹೋಗೂದು. ಭೋಸರಿ ಕಡೆಯ ಒಬ್ಬ ಹಿರಿ ಮಿಸ್ತ್ರಿ ಕೆಳಗ ಮಲಗಿ ನೋಡಿ ಎದ್ದು ಬಂದು ಹೇಳಿದ, ಹೊಸಾ ಟೈರು ದಪ್ಪ, ಹಳೇವು ಸವದು ಸಣ್ಣ, ಅಂದ್ರ ಸಣ್ಣ ಗಾಲಿ ಹೆಚ್ಚಿಗೆ ಸುತ್ತು ತಿರುಗಬೇಕು, ಗಾಡಿಗೆ ಗಾಲಿ ಜಾರಾಕತ್ತೈತಿ ಅಂತ ಅನಸ್ತೈತಿ, ಕಪ್ಲಿಂಗ್ ಸುಮ್ಸುಮ್ನ ಕೆಲಸಾ ಮಾಡಿ ಕಾಯತೈತಿ. ನಾಲ್ಕೂ ಬದಲಿಸಿ ಎಣ್ಣಿ ಹಾಕಿದ ಮ್ಯಾಲೆ ಸಪ್ಪಳ ಹೋತು. ಅವತ್ತಿನಿಂದ ನಾಲ್ಕು ಅಂದ್ರ ನಾಲ್ಕs, ಒಂದs ಕಂಪನಿ ಒಂದs ತಾರೀಖು. ಯಾರs ಇಂಥಾ ಗಾಡಿ ತಗೊಳ್ಳಿ, ಬಾನೆಟ್ ತಗಿಯೂಕಿಂತ ಮೊದಲ ನಾಲ್ಕು ಟೈರು ನೋಡ್ರಿ ಅಂತ ನಾ ಹೇಳ್ತೇನಿ.

ಕ್ಲಚ್ 92 ಸಾವಿರ ಕಿಲೋಮೀಟರಿಗೆ ಬದಲಿಸೇನಿ, ಈಗ ಗಾಡಿ 1 ಲಕ್ಷ 34 ಸಾವಿರ ಓಡೈತಿ. ಮುಂದಿನ ಬಲಗಡೆ ಸಸ್ಪೆನ್ಷನ್ನಿನ ರಬ್ಬರ್ ಬುಶ್ ಸಪ್ಪಳ ಮಾಡ್ತಾವ, ಸ್ಪೀಡ್ ಬ್ರೇಕರ್ ಮ್ಯಾಲೆ ಟಕ್ ಅಂತೈತಿ. ಹಿಂದಿನ ಬಂಪರಿಗೆ ಗಣಪತಿ ಟೈಮಿನಾಗ ಒಂದು ಸ್ಕೂಟರ್ ತಾಗಿದ ಗೀರು. ಇದನ್ನೆಲ್ಲಾ ಜಾಹೀರಾತಿನಾಗs ಬರದೇನಿ, ಮನಿಯಾಕಿ ಇಷ್ಟು ಯಾಕ ಬರೀತೀರಿ ಅಂದ್ಲು, ಬರೀಲಿಲ್ಲಂದ್ರ ನಾಳೆ ತಗೊಂಡಾಂವ ಘಾಟಿನಾಗ ನಿಂತಾಗ ನನ್ನ ನೆನಸ್ತಾನ.

ಬಂದ ಫೋನುಗಳ ಕಥಿ ದೊಡ್ಡದು. ಹತ್ತರಾಗ ಎಂಟು ಮಂದಿ ಮರಾಠಿಯಾಗ "ಶೇವಟಚೇ ಕಿತೀ" ಅಂತs ಸುರು ಮಾಡ್ತಾರ, ಗಾಡಿ ನೋಡಿಲ್ಲ, ನಮಸ್ಕಾರ ಇಲ್ಲ, ಕೊನೀ ರೇಟ್ ಹೇಳ್ರಿ. ಒಬ್ಬ ಏಜೆಂಟ್ ಮನಿತನಕ ಬಂದು ಚಹಾ ಕುಡದು, ಎಡಬ್ಲ್ಯುಡಿ ಅಂದ್ರ ಗಿರಾಕಿ ಹೆದರ್ತಾರ ರೇಟ್ ಬರೂದಿಲ್ಲ ಅಂದ, ಅದು ಅವನ ಧಂದೆ, ಇರಲಿ. ಆದ್ರ ಆಮ್ಯಾಲೆ ದನಿ ಸಣ್ಣ ಮಾಡಿ "ಮೀಟರ್ 80 ಸಾವಿರಕ್ಕ ತರೋಣು ಸಾಹೇಬ್ರ, ನಿಮಗೂ ನಾಲ್ಕು ರೂಪಾಯಿ ಹೆಚ್ಚಿಗೆ ಬರ್ತಾವ" ಅಂದ. ನನ್ನ ಮೈ ಉರೀತು ದೋಸ್ತ. ಹನ್ನೆರಡು ವರ್ಷದ ಪ್ರತಿ ಸರ್ವಿಸಿನ ಬಿಲ್ ಫೈಲಿನಾಗ ಹಚ್ಚಿ ಇಟ್ಟೇನಿ, ಆ ಕಿಲೋಮೀಟರಿನಾಗ ಅಪ್ಪನ್ನ ದವಾಖಾನಿಗೆ ಕರಕೊಂಡು ಹೋದದ್ದೈತಿ, ಮಗಳನ್ನ ಗಂಡನ ಮನಿಗೆ ಬಿಟ್ಟು ಬಂದದ್ದೈತಿ, ಅದರಾಗ 54 ಸಾವಿರ ಅಳಿಸಿ ಮಾರ್ರಿ ಅಂತಾನ. ಎದ್ದು ಹೋಗ್ರಿ ಅಂದೆ.

ಹೋದ ವಾರ ಮುಳಶಿ ಕಡೆಯಿಂದ ಒಬ್ಬ ಹುಡುಗ ಬಂದಿದ್ದ, ಮೂವತ್ತೈದರ ಒಳಗ ಇರಬೇಕು, ತಾಮ್ಹಿಣಿ ಘಾಟಿನ ಈಚೆ ಭತ್ತದ ಹೊಲ, ಮನಿಗೆ ಹೋಗೂ ದಾರಿ ಕೆಂಪು ಮಣ್ಣಿನ ಏರು, ಆ ಕಡೆ ಮಳಿ ಹೆಂಗಿರತೈತಿ ನೀನs ನೋಡಿ. ವಯಸ್ಸಾದ ತಾಯಿ ತಂದಿ, ಎರಡು ಕೂಸು, ತಮ್ಮ. ಅವ ರೇಟ್ ಕೇಳಲಿಲ್ಲ. ಜೇಬಿನಾಗಿಂದ ಟಾರ್ಚ್ ತಗದು, ಪೇಪರ್ ಹಾಸಿ ಗಾಡಿ ಕೆಳಗ ಮಲಗಿ ಹಿಂದಿನ ಡಿಫರೆನ್ಷಿಯಲ್ಲಿಗೆ ಬಟ್ಟು ಸವರಿ ಎಣ್ಣಿ ಹತ್ತೈತೇನು ಅಂತ ಮೂಸಿ ನೋಡಿದ. ಆಮ್ಯಾಲೆ ನಾಲ್ಕೂ ಟೈರಿನ ಮಗ್ಗಲಾಗ ಕುಕ್ಕರಗಾಲಿಲೆ ಕುಂತು ಟೈರು ತಯಾರಾದ ವಾರ, ವರ್ಷ ಹೇಳೂ ನಾಲ್ಕು ಅಂಕಿ ಹುಡುಕಿ ಓದಿದ, 2321, ಅಂದ್ರ 2021ರ 23ನೇ ವಾರ. ನಾಲ್ಕೂ ಒಂದs ಐತಿ ಅಂತ ನನ್ನ ಮುಖಾ ನೋಡಿ ನಕ್ಕ. ಓಡಿಸಾಕ ಹೋದಾಗ ನಾಲ್ಕನೇ ಗೇರಿನಾಗ 40ರ ಸ್ಪೀಡಿಗೆ ಪೂರಾ ಆಕ್ಸಿಲರೇಟರ್ ಒತ್ತಿದ, ಆರ್‌ಪಿಎಂ ಮುಳ್ಳು ಮ್ಯಾಲೆ ಓಡಿ ಗಾಡಿ ಹಿಂದ ಉಳಿದ್ರ ಕ್ಲಚ್ ಜಾರಾಕತ್ತೈತಿ ಅಂತ, ನಮ್ಮದು ಜಾರಲಿಲ್ಲ. ಗೇರ್ ಹಾಕೂದು ನೋಡಿದ್ರs ತಿಳೀತೈತಿ ದೋಸ್ತ, ಗೇರ್ ಬದಲಿಸಿದ ಮ್ಯಾಲೆ ಎಡಗಾಲು ಕ್ಲಚ್ ಮ್ಯಾಲೆ ಇಡಲಿಲ್ಲ, ತಗದು ಮಗ್ಗಲಕ್ಕಿಟ್ಟ. ಮುಂದ ಬಂದ ಎಕ್ಸ್‌ಯುವಿ ಸೆವೆನ್ ಡಬಲ್ ಓದಾಗ ಎಡಬ್ಲ್ಯುಡಿ ಬೇಕಂದ್ರ ಆಟೋಮ್ಯಾಟಿಕ್ಕs ತಗೋಬೇಕು, ನನಗ ಇಳಜಾರಿನಾಗ ಗೇರ್ ನನ್ನ ಕೈಯಾಗ ಬೇಕು, ರೊಕ್ಕಾನೂ ಅಷ್ಟಿಲ್ಲ, ಅದಕ್ಕ ಇದನ್ನs ಹುಡುಕಾಕತ್ತಿದ್ದೆ ಅಂದ. ಏಜೆಂಟ್ ಹೇಳಿದ್ದಕ್ಕಿಂತ ಸ್ವಲ್ಪ ಹೆಚ್ಚು, ನಾ ಕೇಳಿದ್ದಕ್ಕಿಂತ ಕಡಿಮಿ ಹೇಳ್ಯಾನ. ಅವಗ ಕೊಡಬೇಕಂತ ನನ್ನ ಮನಸ್ಸು ಮಾಡೇತಿ.

ನಿನಗ ಯಾಕ ಬ್ಯಾಡ ಅಂದ್ರ, ನೀ ಧಾರವಾಡ ಹುಬ್ಬಳ್ಳಿ ನಡುವ ಛಲೋ ರಸ್ತಾದಾಗ ದಿನಾ ಇಪ್ಪತ್ತು ಇಪ್ಪತ್ತು ಕಿಲೋಮೀಟರ್ ಹೋಗಾಂವ. ಹಿಂದಿನ ಗಾಲಿ ನಿನಗ ವರ್ಷಕ್ಕ ಒಮ್ಮೆ ಬೇಕಾದ್ರ ಹೆಚ್ಚು, ಖರ್ಚು ಮಾತ್ರ ಹನ್ನೆರಡೂ ತಿಂಗಳು. ಅದು ಒಂದು. ಎರಡನೇದು ಕಾಗದಪತ್ರ. ಎಂಎಚ್ 12 ಗಾಡಿ ನಿನ್ನ ಹೆಸರಿಗೆ ಕೆಎ 25 ಆಗಬೇಕಂದ್ರ ಇಲ್ಲಿಯ ಆರ್‌ಟಿಓದಿಂದ ಫಾರ್ಮ್ 28ರಾಗ ಎನ್‌ಓಸಿ ತಗೀಬೇಕು, ಅಲ್ಲಿ ಹೊಸಾ ನಂಬರ್, ಅದರ ಮ್ಯಾಲೆ ಕರ್ನಾಟಕದ ಲೈಫ್ ಟ್ಯಾಕ್ಸ್ ತುಂಬಬೇಕು. ಇಷ್ಟೆಲ್ಲಾ ಮಾಡಿ ಕೈಯಾಗ ಸಿಗೂದು ಎಷ್ಟು ದಿನ? ಆರ್‌ಸಿ ಹದಿನೈದು ವರ್ಷಕ್ಕ, 2028ರ ನವೆಂಬರಿಗೆ ಮುಗೀತೈತಿ, ಆಮ್ಯಾಲೆ ಫಿಟ್ನೆಸ್ ಮಾಡಿಸಿ ಐದೈದು ವರ್ಷಕ್ಕ ರಿನ್ಯೂ ಮಾಡಸ್ತಿರಬೇಕು. ಗಾಡಿ ರೊಕ್ಕಕ್ಕ ಇದನ್ನ ಕೂಡಿಸಿ ನೋಡು, ಅಲ್ಲೇ ಹುಬ್ಬಳ್ಳಿಯಾಗ ನಿನಗ ಇದಕ್ಕಿಂತ ಹೊಸಾದು, ಟೂ ವ್ಹೀಲ್ ಡ್ರೈವ್, ಅಲ್ಲಿದ್ದs ನಂಬರಿನದ್ದು ಸಿಗತೈತಿ. ವೈನಿ ಕಲೀಬೇಕಂತಾರಲ್ಲ, ಅವರಿಗೂ ಹಗುರ ಆಗ್ತೈತಿ. ನಿನಗ ಕೊಟ್ಟು ಆರು ತಿಂಗಳಿಗೆ ನೀ ಗ್ಯಾರೇಜಿನಾಗ ಕುಂತು ನನಗ ಹೇಳದೆ ಸುಮ್ನಿರ್ತಿ, ನಿನ್ನ ಸ್ವಭಾವ ನನಗ ಗೊತ್ತೈತಿ, ಅದು ನನಗ ಆಗಂಗಿಲ್ಲ.

ನೀನೂ ನಿನ್ನ ಹಳೇ ಗಾಡಿ ಮಾರಾಂವ ಇದ್ದಿ, ಅದಕ್ಕ ಒಂದು ಮಾತು ನೆನಪಿಡು. ರೊಕ್ಕ ಬಂತಂತ ಕೀಲಿ ಕೊಟ್ಟು ಕೈ ತೊಳಕೋಬ್ಯಾಡ. ಹೆಸರು ಬದಲಾಗೂತನಕ ಆರ್‌ಸಿಯಾಗ ಇರಾಂವs ಮಾಲಕ, ಅಪಘಾತ ಆದ್ರ ಪರಿಹಾರದ ಹೊಣಿ ಅವನ ಮ್ಯಾಲೆ ಬರ್ತೈತಿ ಅಂತ 2018ರಾಗ ಸುಪ್ರೀಂ ಕೋರ್ಟs ಹೇಳೈತಿ. ಹೆಸರು ಬದಲಸೂ ಫಾರ್ಮ್ 29, ಫಾರ್ಮ್ 30 ಎರಡೂ ಅವತ್ತs ಸಹಿ ಆಗಬೇಕು, ಒಂದs ರಾಜ್ಯದಾಗ ಇದ್ರ ಹದಿನಾಲ್ಕು ದಿನದಾಗ ಆರ್‌ಟಿಓಕ್ಕ ತಿಳಿಸಬೇಕು. ಗಾಡಿ ಒಪ್ಪಿಸಿದ ಚೀಟಿಯಾಗ ತಾರೀಖಿನ ಕೂಡ ಟೈಮೂ ಬರಸ್ಕೋ. ಫಾಸ್ಟ್ಯಾಗ್ ಬಂದ್ ಮಾಡಿಸು, ಇಲ್ಲಂದ್ರ ಅವ ಟೋಲ್ ದಾಟಿದಾಗೆಲ್ಲಾ ನಿನ್ನ ರೊಕ್ಕ ಹೋಗ್ತಾವ. ಇನ್ಶೂರೆನ್ಸಿನ ನೋ ಕ್ಲೇಮ್ ಬೋನಸ್ ಗಾಡಿದಲ್ಲ, ನಿಂದು, ಕಂಪನಿಯಿಂದ ಪತ್ರ ತಗೊಂಡ್ರ ಹೊಸಾ ಗಾಡಿಗೆ ಹಚ್ಚಬಹುದು, ಭಾಳ ಮಂದಿ ಬಿಟ್ಟಬಿಡ್ತಾರ. ಸಾಲಾ ಇತ್ತಂದ್ರ ಬ್ಯಾಂಕಿನ ಎನ್‌ಓಸಿ ಮತ್ತ ಆರ್‌ಸಿಯಾಗಿಂದ ಬ್ಯಾಂಕಿನ ಹೆಸರು ತಗಸೂ ಫಾರ್ಮ್ 35 ಬೇಕು, ನಂದು ಸಾಲಾ ಮುಗದ ಕೂಡಲೆ ಮಾಡಿಸಿದ್ದೆ.

ಮುಳಶಿ ಹುಡುಗ ರವಿವಾರ ಹೆಂಡ್ತಿ, ತಾಯಿ ತಂದಿ ಕರಕೊಂಡು ಬರ್ತಾನ, ಅವ್ವ ಹೋಳಿಗಿ ಮಾಡತೇನಿ ಅಂದಾಳ. ಅದಕ್ಕ ನೀ ಶುಕ್ರವಾರ ರಾತ್ರಿ ಬಸ್ ಹಿಡಿ. ಶನಿವಾರ ಮುಂಜಾನೆ ತಾಮ್ಹಿಣಿತನಕ ಹೋಗಿ ಬರೋಣು, ನನ್ನ ಮೊಳಕಾಲಿಗೆ ಆಗೂದಿಲ್ಲ, ನೀನs ಓಡಸು. ಸ್ವಾರ್‌ಗೇಟಿನಾಗ ಇಳಕೊಂಡು ಫೋನ್ ಮಾಡು, ಗಾಡಿ ತಗೊಂಡs ಬರ್ತೇನಿ.

ನಿನ್ನ
ದೋಸ್ತ