ಜನರೇಟರ್ ಹುಡುಗನಿಗೆ, ಮತ್ತೆ ಉಳಿದವರಿಗೆ

ನಿನ್ನೆ ಸಂಜೆ ನಮ್ಮಿಬ್ಬರ ಗೋವಾ ಕಾರ್ನಿವಲ್ ಫೋಟೋ ಪ್ರದರ್ಶನದ ಕೊನೆಯ ಫ್ರೇಮ್ ಗೋಡೆಯಿಂದ ಇಳಿಯಿತು. ಮೊಳೆ ಕಿತ್ತ ಜಾಗಕ್ಕೆ ಪುಟ್ಟಿ ಮೆತ್ತಿ, ಬಣ್ಣ ಬಳಿದು, ಗ್ಯಾಲರಿಯ ಬೀಗದ ಕೈ ವಾಪಸ್ ಕೊಟ್ಟು ಬಂದೆವು. ಮನೆಗೆ ಬಂದು ಮಲಗಿದರೆ ನಿದ್ದೆಯೇ ಇಲ್ಲ. ಯಾರ್ಯಾರಿಗೆ ಥ್ಯಾಂಕ್ಸ್ ಹೇಳಿಲ್ಲ ಅನ್ನುವುದೇ ತಲೆಯಲ್ಲಿ ಓಡುತ್ತಿತ್ತು. ಉದ್ಘಾಟನೆಯ ದಿನ ಮೈಕ್ ಕೈಗೆ ಬಂದಾಗ ಎರಡು ಮಾತಾಡಿ ಓಡಿಹೋಗಿದ್ದೆ. ಆ ಬಾಕಿ ತೀರಿಸಲು ಈ ಬರಹ.

ನಾನು ಹುಬ್ಬಳ್ಳಿಯವಳು. ಕೆಲಸಕ್ಕೆಂದು ಪಣಜಿಗೆ ಬಂದು ಇಲ್ಲೇ ಉಳಿದೆ. ನನ್ನ ಜೊತೆಗಾರ ದಿವಾರ್ ದ್ವೀಪದವನು. ಮಾಂಡವಿ ನದಿಯ ನಡುವಿನ ಊರು ಅದು, ಫೆರಿ ಹತ್ತಿ ಹೋಗಬೇಕು. ಕಾರ್ನಿವಲ್ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು ಶುರುವಾಗುವ ಮೊದಲು ನಡೆಯುವ ಹಬ್ಬ. ನನಗೆ ಗೋವಾದ ಕಾರ್ನಿವಲ್ ಅಂದರೆ ಶನಿವಾರ ಮಧ್ಯಾಹ್ನ ಪಣಜಿಯಲ್ಲಿ ಸಾಗುವ ಫ್ಲೋಟ್‌ಗಳು (ಮೆರವಣಿಗೆಯ ಅಲಂಕರಿಸಿದ ಗಾಡಿಗಳು), ಬ್ಯಾಂಡು, ತಿನ್ನಿ ಕುಡಿಯಿರಿ ಮಜಾ ಮಾಡಿ ಎಂದು ಆಜ್ಞೆ ಹೊರಡಿಸುವ ಮೋಮೊ ರಾಜ. ಅವನಿಗೆ ಅದು ‘ಇಂತ್ರುಜ್’. ಹಿರಿಯರು ಒಬ್ಬರಿಗೊಬ್ಬರು ಹಿಟ್ಟು ಎರಚಿ, ನೀರು ಸುರಿದು ಆಡುತ್ತಿದ್ದ ಆಟ. ಪೋರ್ಚುಗೀಸರು ಹೋದ ಮೇಲೆ 1965ರಲ್ಲಿ ಶುರುವಾದ ಪಣಜಿಯ ಮೆರವಣಿಗೆ ಅವನ ಪಾಲಿಗೆ ಮೊನ್ನೆ ಮೊನ್ನೆ ಬಂದದ್ದು. ಯಾವುದು ನಿಜವಾದ ಕಾರ್ನಿವಲ್ ಅಂತ ನಾವು ಎಷ್ಟು ಸಲ ಜಗಳವಾಡಿದ್ದೇವೋ ಲೆಕ್ಕವಿಲ್ಲ. ಪ್ರದರ್ಶನ ಹುಟ್ಟಿದ್ದೂ ಆ ಜಗಳದಿಂದಲೇ ಅನ್ನಿ. 2023ರಿಂದ ಮೂರು ವರ್ಷ ಇಬ್ಬರೂ ಕ್ಯಾಮೆರಾ ಹಿಡಿದು ಸುತ್ತಿದೆವು. ನನ್ನದು ಬಣ್ಣ, ಡಿಜಿಟಲ್. ಅವನದು ಕಪ್ಪು ಬಿಳುಪು, ಫಿಲ್ಮ್.

ಮೊದಲ ಥ್ಯಾಂಕ್ಸ್ ದಿವಾರ್‌ನವರಿಗೆ. ಕಾರ್ನಿವಲ್ ದಿನಗಳಲ್ಲಿ ಅಲ್ಲಿ ಪೊಟೆಕಾರ್‌ಗಳು ಹೊರಡುತ್ತಾರೆ. ಮುಖವಾಡ ಹಾಕಿ, ವಿಚಿತ್ರ ವೇಷ ತೊಟ್ಟು, ಮೈಗೆ ಗಂಟೆ ಕಟ್ಟಿಕೊಂಡ ಹುಡುಗರು. ಗಂಟೆ ಸದ್ದು ಕೇಳಿದರೆ ಸಾಕು, ಮಕ್ಕಳು ಕಿರುಚುತ್ತಾ ಓಡುತ್ತಾರೆ. ಓಡಿಹೋದವರೇ ಎರಡು ನಿಮಿಷಕ್ಕೆ ಮತ್ತೆ ಇಣುಕುತ್ತಾರೆ. ಮುಖವಾಡದ ಹಿಂದೆ ಯಾರಿದ್ದಾರೆ ಅಂತ ಕಂಡುಹಿಡಿಯುವುದೇ ಊರಿಗೆಲ್ಲ ಮಜಾ. ಅಲ್ಲಿ ನಾನು ಹೊರಗಿನವಳು. ಮೊದಲ ವರ್ಷ ಕ್ಯಾಮೆರಾ ಎತ್ತಿದರೆ ಆಟವೇ ನಿಂತುಹೋಗುತ್ತಿತ್ತು. ಎಲ್ಲರೂ ಸಾಲಾಗಿ ನಿಂತು ಪೋಸ್ ಕೊಡುತ್ತಿದ್ದರು. ಇಡೀ ದಿನ ಒಂದೂ ಒಳ್ಳೆಯ ಫೋಟೋ ಸಿಗಲಿಲ್ಲ. ಎರಡನೇ ವರ್ಷ ಒಬ್ಬ ಅಜ್ಜಿ ತಮ್ಮ ಮನೆಯ ಜಗಲಿಯಲ್ಲಿ ಕೂರಿಸಿ ನೀರು ಕೊಟ್ಟು, ‘ಆ ಡಬ್ಬಿ ಮಡಿಲಲ್ಲಿಟ್ಟುಕೊಂಡು ಸುಮ್ನೆ ಕೂತಿರು’ ಅಂದರು. ಕೂತೆ. ಮೂರು ಗಂಟೆ ಕೂತೆ. ಆಮೇಲೆ ನಾನಿದ್ದೇನೆ ಅನ್ನುವುದನ್ನೇ ಎಲ್ಲರೂ ಮರೆತರು. ದಿವಾರ್ ಗೋಡೆಯಲ್ಲಿದ್ದ ನನ್ನ ಆರೂ ಚಿತ್ರಗಳು ಆ ಜಗಲಿಯಿಂದ ತೆಗೆದವು. ಅಜ್ಜಿ, ನಿಮ್ಮ ಜಗಲಿಗೆ ನಾನು ಬಾಡಿಗೆ ಕೊಡಬೇಕು.

ಇನ್ನೊಬ್ಬರಿದ್ದಾರೆ. ಅವರ ಹೆಸರು ಇಂದಿಗೂ ನನಗೆ ಗೊತ್ತಿಲ್ಲ. 2023ರ ಫೆಬ್ರವರಿ 18, ಪಣಜಿ. ಫ್ಲೋಟ್ ಮೇಲೆ ಕುಣಿಯುತ್ತಿದ್ದ ಹೆಂಗಸೊಬ್ಬರು ನನ್ನ ಕಡೆ ಬಾಗಿ, ನಗುತ್ತಲೇ ‘ಕೆಳಗಿಂದ ತೆಗೀಬೇಡ’ ಅಂದರು. ಅಷ್ಟೇ. ಮತ್ತೆ ಕುಣಿಯತೊಡಗಿದರು. ಫ್ಲೋಟ್ ಎತ್ತರದಲ್ಲಿರುತ್ತದೆ, ನಾವು ರಸ್ತೆಯಲ್ಲಿರುತ್ತೇವೆ. ಕಾಲ ಬುಡದಲ್ಲಿ ಲೆನ್ಸ್ ಇಟ್ಟು ಮೇಲಕ್ಕೆ ಹೊಡೆಯುವುದೇ ಎಲ್ಲರ ಅಭ್ಯಾಸ. ನನ್ನದೂ. ಆ ಕೋನ ಅವರಿಗೆ ಹೇಗನ್ನಿಸುತ್ತದೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಹೆಂಗಸಾಗಿ ನಾನೇ ಯೋಚಿಸಿರಲಿಲ್ಲ, ನಾಚಿಕೆಯಾಯಿತು. ಮುಂದಿನ ವರ್ಷದಿಂದ ಪುಟ್ಟ ಮಡಚುವ ಏಣಿ ಹೊತ್ತುಕೊಂಡು ಹೋದೆ. ಕಣ್ಣಿನ ಮಟ್ಟದಿಂದ ನೋಡಿದರೆ ಬೆವರು, ಅಳಿಸಿದ ಕಾಡಿಗೆ, ಸುಸ್ತು, ನಡುವೆ ಸಿಡಿಯುವ ನಗು ಎಲ್ಲ ಕಾಣುತ್ತದೆ. ಅವರು ಪ್ರದರ್ಶನಕ್ಕೆ ಬಂದಿದ್ದರೋ ಇಲ್ಲವೋ. ಬಂದಿದ್ದರೆ, ಮೇಡಂ, ಏಣಿ ನಿಮ್ಮದು.

ಇನ್ನು ಕಷ್ಟದ ಕಥೆ. ಗೋವಾದ ಮಳೆಗಾಲ ಗೊತ್ತಲ್ವಾ? ಚಪ್ಪಲಿಗೂ ಬೂಸ್ಟು ಬರುತ್ತದೆ. ಜೊತೆಗಾರ ನೆಗೆಟಿವ್‌ಗಳನ್ನು ಮರದ ಕಪಾಟಿನಲ್ಲಿಟ್ಟು ಮರೆತಿದ್ದ. ಜುಲೈನಲ್ಲಿ ತೆರೆದರೆ ಫಿಲ್ಮ್ ಮೇಲೆ ಜೇಡರ ಬಲೆಯಂಥ ಫಂಗಸ್. ಮೂರು ರೋಲ್ ಪೂರ್ತಿ ಹೋಯಿತು. ಪಣಜಿಯ ಕ್ಲಬ್‌ನಲ್ಲಿ ಕೊನೆಯ ದಿನ ನಡೆಯುವ ಕೆಂಪು ಕಪ್ಪು ಉಡುಪಿನ ನೃತ್ಯ ಇದ್ದದ್ದು ಅದರಲ್ಲೇ. ಅವನು ಎರಡು ವಾರ ಯಾರ ಫೋನೂ ಎತ್ತಲಿಲ್ಲ. ಉಳಿದ ರೋಲ್‌ಗಳನ್ನು ಒಂದೊಂದೇ ಫ್ರೇಮ್ ಒರೆಸಿ, ಸ್ಕ್ಯಾನ್ ಮಾಡಿ ಉಳಿಸಿಕೊಟ್ಟವರು ನಿವೃತ್ತರಾದ ಒಬ್ಬ ಹಿರಿಯ ಲ್ಯಾಬ್ ತಂತ್ರಜ್ಞರು. ದುಡ್ಡು ಬೇಡ ಅಂದರು. ಬದಲಿಗೆ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿ ತರಿಸಿ, ಎಲ್ಲ ನೆಗೆಟಿವ್ ತಮ್ಮ ಕಣ್ಣೆದುರಿಗೇ ಅದರಲ್ಲಿ ಇಡಿಸಿದರು. ಜೊತೆಗೆ ಅರ್ಧ ಗಂಟೆ ಬೈದರು. ಎರಡಕ್ಕೂ ಥ್ಯಾಂಕ್ಸ್ ಸರ್.

ನನ್ನ ಎಡವಟ್ಟೂ ಕಡಿಮೆಯದಲ್ಲ. ನನ್ನ ಮಾನಿಟರ್‌ನ ಬೆಳಕು ಸಿಕ್ಕಾಪಟ್ಟೆ ಜಾಸ್ತಿ ಇತ್ತು. ಪರದೆ ಮೇಲೆ ಝಗಮಗ ಅನ್ನುತ್ತಿದ್ದ ರಾತ್ರಿಯ ಚಿತ್ರಗಳು ಕಾಗದಕ್ಕೆ ಬಂದಾಗ ಕೆಸರಿನಂತಿದ್ದವು. ಹನ್ನೊಂದು ಪ್ರಿಂಟ್ ಹಾಳು. ಉದ್ಘಾಟನೆಗೆ ಉಳಿದದ್ದು ಒಂಬತ್ತು ದಿನ. ಪ್ರಿಂಟ್ ಮಾಡುವ ಅಣ್ಣ ನನಗೆ ಒಂದು ಮಾತೂ ಬೈಯದೆ, ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದಕ್ಕೂ ಸಣ್ಣ ಟೆಸ್ಟ್ ಪಟ್ಟಿ ತೆಗೆದು ನೆರಳು ಎಷ್ಟು ಎತ್ತಬೇಕು ಅಂತ ಕಲಿಸಿದರು. ಮೂರು ರಾತ್ರಿ. ಜನ ‘ಆಹಾ ಎಂಥಾ ಬಣ್ಣ’ ಅಂದಾಗಲೆಲ್ಲ ನಾನು ಅವರನ್ನು ಹುಡುಕುತ್ತಿದ್ದೆ. ಅವರು ಸಮೋಸಾ ಟೇಬಲ್ ಹತ್ತಿರ ಇರುತ್ತಿದ್ದರು.

ಈಗ ನೇತುಹಾಕಿದ ದಿನಕ್ಕೆ ಬರುತ್ತೇನೆ. ಇದನ್ನು ಹೇಳಲಿಕ್ಕೇ ಇಷ್ಟೆಲ್ಲ ಬರೆದದ್ದು.

ನಮ್ಮ ಹತ್ತಿರ 64 ಪ್ರಿಂಟ್ ಇದ್ದವು. ಗೋಡೆಗೆ ಹಿಡಿಸುವುದು 38. ನನ್ನ ಬಣ್ಣದವು ಎಡಗಡೆ, ಅವನ ಕಪ್ಪು ಬಿಳುಪು ಬಲಗಡೆ, ನಡುವೆ ಬಾಗಿಲು. ಹೀಗೆ ಅಂತ ಮೊದಲೇ ಒಪ್ಪಂದವಾಗಿತ್ತು. ಆಸ್ತಿ ಪಾಲಾದ ಹಾಗೆ. ಎಲ್ಲವನ್ನೂ ನೆಲದ ಮೇಲೆ ಗೋಡೆಗೆ ಒರಗಿಸಿ ಸಾಲಾಗಿ ಇಟ್ಟಿದ್ದೆವು. ಮೊಳೆ ಹೊಡೆಯಲು ಬಂದ ಬಡಗಿ ಕಾಕಾ ಅಳತೆ ಟೇಪ್ ಹಿಡಿದು ಆ ಕಡೆ ಈ ಕಡೆ ಓಡಾಡುತ್ತಿದ್ದರು. ಒಮ್ಮೆ ನಿಂತರು. ನನ್ನದೊಂದು ಚಿತ್ರ ಎತ್ತಿಕೊಂಡು ಹೋಗಿ ಅವನ ಸಾಲಿನ ಒಂದು ಚಿತ್ರದ ಪಕ್ಕ ಇಟ್ಟರು. ‘ಇಬ್ಬರೂ ಒಬ್ಬನೇ ಅಲ್ವಾ?’ ಅಂದರು.

ನನ್ನದು 2024ರ ಫೆಬ್ರವರಿ 10ರ ಮೆರವಣಿಗೆ. ದೊಡ್ಡ ಮೀನಿನ ಆಕಾರದ ಫ್ಲೋಟ್, ಮೇಲೆ ಹತ್ತು ಜನ ಕುಣಿಯುವವರು. ಚೌಕಟ್ಟಿನ ಕೆಳ ಮೂಲೆಯಲ್ಲಿ, ಫ್ಲೋಟ್‌ನ ಹಿಂದೆ ಜನರೇಟರ್ ಗಾಡಿ ತಳ್ಳುತ್ತಿರುವ ಹುಡುಗ. ಅವನ ಮುಖ ಅರ್ಧ ಕಾಣುತ್ತದೆ, ಹಳದಿ ಬನಿಯನ್. ಕತ್ತರಿಸಿ ತೆಗೆದರೆ ಚಿತ್ರ ಚೆನ್ನಾಗಿರುತ್ತಿತ್ತೇನೋ ಅಂತ ನಾನೇ ಎರಡು ಸಲ ಅಂದುಕೊಂಡಿದ್ದೆ. ಜೊತೆಗಾರನ ಚಿತ್ರ ಅದೇ ರಾತ್ರಿಯದು. ಮೆರವಣಿಗೆ ಮುಗಿದಿದೆ, ರಸ್ತೆ ತುಂಬ ಕಾಗದದ ಚೂರು. ಆರಿಸಿದ ಜನರೇಟರ್‌ಗೆ ಬೆನ್ನು ಕೊಟ್ಟು ಒಬ್ಬ ಹುಡುಗ ಕೂತಿದ್ದಾನೆ. ಯಾರೋ ಬಿಟ್ಟುಹೋದ ಮೀನಿನ ಟೊಪ್ಪಿಗೆ ಅವನ ತಲೆಯ ಮೇಲಿದೆ. ಅದೇ ಬನಿಯನ್, ಎದೆಯ ಮೇಲೆ ಅದೇ ಹರಿದ ಅಕ್ಷರ. ಒಂದೂವರೆ ವರ್ಷ ಇಬ್ಬರೂ ಆ ಎರಡೂ ಚಿತ್ರ ನೋಡಿದ್ದೆವು. ಇಬ್ಬರಿಗೂ ಕಂಡಿರಲಿಲ್ಲ.

ಆಮೇಲೆ ಪಾಲು ಪಂಚಾಯ್ತಿ ಎಲ್ಲ ಹೋಯಿತು. ಬಣ್ಣ, ಕಪ್ಪು ಬಿಳುಪು ಕಲೆಸಿಬಿಟ್ಟೆವು. ರಾತ್ರಿ ಎರಡರವರೆಗೆ ಮೂವರೂ ಚಿತ್ರ ಸರಿಸುತ್ತಾ ಇದ್ದೆವು. ಎಲ್ಲಿ ಸಿಕ್ಕಿಕೊಂಡೆವೋ ಅಲ್ಲಿ ಕಾಕಾ ತೀರ್ಪು. ನನ್ನ ತುಂಬ ಪ್ರೀತಿಯ ಮೂರು ಚಿತ್ರಗಳನ್ನು ಅವರು ತೆಗೆದುಹಾಕಿದರು, ಸರಿಯಾಗಿಯೇ ತೆಗೆದರು. ಕಾಕಾ, ಕರಪತ್ರದಲ್ಲಿ ನಿಮ್ಮ ಹೆಸರು ಹಾಕೋಣ ಅಂದರೆ ನೀವು ಬೇಡವೇ ಬೇಡ ಅಂದಿರಿ. ಅದಕ್ಕೇ ಇಲ್ಲೂ ಬರೆಯುತ್ತಿಲ್ಲ.

ಬಂದ ಜನರಿಗೆಲ್ಲ ವಂದನೆ. ಶಾಲೆಯ ಮಕ್ಕಳನ್ನು ಕರೆತಂದ ಟೀಚರ್‌ಗೆ, ದಿನಾ ಸಂಜೆ ಬಂದು ಪೊಟೆಕಾರ್ ಚಿತ್ರದ ಮುಂದೆ ಮಾತ್ರ ನಿಲ್ಲುತ್ತಿದ್ದ ವಾಚ್‌ಮನ್ ಮಾಮನಿಗೆ, ಹುಬ್ಬಳ್ಳಿಯಿಂದ ರೈಲು ಹತ್ತಿ ಬಂದು ‘ಇದೆಲ್ಲ ಸರಿ, ಊಟ ಮಾಡಿದ್ಯಾ’ ಅಂತ ಕೇಳಿದ ಅವ್ವನಿಗೆ. ಕೆಲವರು ಚಿತ್ರ ಕೊಂಡರು. ಚೌಕಟ್ಟಿನ ಖರ್ಚು ಗಿಟ್ಟಿತು, ಅದೇ ದೊಡ್ಡದು.

ಅಭಿಪ್ರಾಯದ ಪುಸ್ತಕದಲ್ಲಿ ಒಬ್ಬರು ಕನ್ನಡದಲ್ಲಿ ಒಂದೇ ಸಾಲು ಬರೆದಿದ್ದರು. ‘ಜನರೇಟರ್ ಹುಡುಗನ ಹೆಸರು ಯಾಕೆ ಹಾಕಿಲ್ಲ?’ ಸಹಿ ಇಲ್ಲ. ಹೌದಲ್ಲ. ಫ್ಲೋಟ್‌ನ ಹೆಸರು ಹಾಕಿದ್ದೆವು, ತಾರೀಕು ಹಾಕಿದ್ದೆವು, ಯಾವ ಕಾಗದದ ಮೇಲೆ ಪ್ರಿಂಟ್ ಅಂತಲೂ ಹಾಕಿದ್ದೆವು. ಅವನ ಹೆಸರು ಕೇಳಿರಲೇ ಇಲ್ಲ. ಜೊತೆಗಾರನಿಗೆ ನೆನಪಿರುವುದು ಇಷ್ಟು: ಆ ರಾತ್ರಿ ಹುಡುಗ ಫೋನಿನಲ್ಲಿ ಯಾರ ಜೊತೆಗೋ ಮಾತಾಡುತ್ತಿದ್ದ, ಅದು ಕೊಂಕಣಿಯಲ್ಲ, ನಾನು ಅವ್ವನ ಜೊತೆ ಮಾತಾಡುವ ಹಾಗೆ ಕೇಳಿಸಿತಂತೆ. ಇದನ್ನು ಅವನು ನನಗೆ ಹೇಳಿದ್ದು ಪ್ರದರ್ಶನದ ಏಳನೇ ದಿನ. ನಾನು ಆ ಹುಡುಗನಿಂದ ಹತ್ತಡಿ ದೂರದಲ್ಲಿ ಏಣಿ ಮೇಲೆ ನಿಂತಿದ್ದೆ. ಒಂದು ಮಾತು ಆಡಿಸಿದ್ದರೆ ಆಗುತ್ತಿತ್ತು.

ಆ ಸಾಲು ಬರೆದವರಿಗೆ ಎಲ್ಲರಿಗಿಂತ ದೊಡ್ಡ ಥ್ಯಾಂಕ್ಸ್. ಜೊತೆಗಾರನಿಗೆ ಇಲ್ಲಿ ಏನೂ ಹೇಳುವುದಿಲ್ಲ, ಹೇಳಿದರೆ ಮತ್ತೆ ಜಗಳ ಶುರುವಾಗುತ್ತದೆ.

ಎರಡೂ ಚಿತ್ರಗಳ ಸಣ್ಣ ಪ್ರಿಂಟ್ ತೆಗೆಸಿ ಲಕೋಟೆಯಲ್ಲಿ ಇಟ್ಟಿದ್ದೇನೆ. ಈಸ್ಟರ್‌ಗೆ 47 ದಿನ ಮೊದಲು ಬರುವ ಮಂಗಳವಾರ ಕಾರ್ನಿವಲ್ ಮುಗಿಯುತ್ತದೆ. ಹಾಗೆ ಲೆಕ್ಕ ಹಾಕಿದರೆ 2026ರಲ್ಲಿ ಪಣಜಿಯ ಮೆರವಣಿಗೆಯ ಶನಿವಾರ ಫೆಬ್ರವರಿ 14ಕ್ಕೆ ಬೀಳುತ್ತದೆ. ಈ ಸಲ ಏಣಿ ಮನೆಯಲ್ಲೇ ಬಿಟ್ಟು, ಫ್ಲೋಟ್‌ಗಳ ಹಿಂದೆ ನಡೆಯುತ್ತೇನೆ. ಗೋವಾದಲ್ಲಿರುವ ಕನ್ನಡದವರು ಯಾರಾದರೂ ಅವನನ್ನು ಬಲ್ಲಿರಾದರೆ, ಹಳದಿ ಬನಿಯನ್, ಮೀನಿನ ಟೊಪ್ಪಿಗೆ ಅಂದರೆ ಅವನಿಗೆ ನೆನಪಾಗಬಹುದು. ಲಕೋಟೆಯ ಮೇಲೆ ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ.